ಅಜ್ಜಿ ಹೊತ್ತ ಅರ್ಧ ಹರಕೆ

ಧಾರೇಶ್ವರದ ಕಡಲ ಬದಿಯ ಆ ಮನೆಯಲ್ಲಿ ಸೋಮವಾರ ಮತ್ತು ಸಂಕಷ್ಟಿ ಬಿಟ್ಟರೆ ಬೇರೆ ದಿನ ಮೀನಿಲ್ಲದೆ ಯಾರಿಗೂ ಅನ್ನ ಇಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಬೋಟು ಬಂದಾಗಿ ಹಸಿಮೀನು ಸಿಗದಿದ್ದರೆ ಒಣಮೀನು. ಅದೂ ತೀರಿದರೆ ಅಜ್ಜಿ ಗಂಗೆ ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ತರುವುದಕ್ಕೂ ಹಿಂದೆಮುಂದೆ ನೋಡುವವಳಲ್ಲ. ಅಂಥ ಮನೆಯಲ್ಲಿ ಜೂನ್ ತಿಂಗಳ ಒಂದು ಸಂಜೆ, ಊಟಕ್ಕೆ ಕೂತ ಹದಿನಾರರ ಹುಡುಗಿ ಅರ್ಚಿತಾ, ಅಮ್ಮ ಬಡಿಸಲು ತಂದ ಒಣ ಬಂಗಡೆ ಸಾರಿಗೆ ಕೈ ಅಡ್ಡ ಹಿಡಿದು ಬೇಡ ಅಂದಳು.

ತಾಯಿ ಸುಚಿತಾ ಮೊದಲು ಮಗಳ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಐಟಿಐ ಕಲಿಯುತ್ತಿದ್ದ ಅಣ್ಣ ವಿಶಾಲ, ಕಾಲೇಜು ಶುರುವಾಗಿ ಎರಡು ವಾರವಾಗಿಲ್ಲ, ಆಗಲೇ ಯಾರೋ ಭಟ್ಟರ ಮನೆ ಹುಡುಗ ಕಣ್ಣಿಗೆ ಬಿದ್ದಿರಬೇಕು ಎಂದು ನಕ್ಕ. ಬಲೆ ರಿಪೇರಿ ಮಾಡಿ ಬಂದು ಕೂತಿದ್ದ ಅಪ್ಪ ರಾಜೇಶ ನಗಲಿಲ್ಲ. ಅಜ್ಜಿಯಂತೂ ತುತ್ತು ಕೈಯಲ್ಲೇ ಹಿಡಿದು ಮೊಮ್ಮಗಳನ್ನು ನೋಡುತ್ತ ಉಳಿದಳು. ಎಲ್ಲರ ಕಣ್ಣೂ ತನ್ನ ಮೇಲಿರುವುದು ಕಂಡು ಅರ್ಚಿತಾಳಿಗೆ ದಿಕ್ಕು ತೋಚದಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಹರಕೆ ಹೊತ್ಕಂಡಿದ್ದೆ ಅಜ್ಜಿ. ಇಡಗುಂಜಿ ಗಣಪತಿಗೆ. ಅಪ್ಪನ ಬೋಟಿಗೆ ಎಂತದೂ ಆಗ್ಬಾರ್ದು ಅಂತ."

"ಎಷ್ಟು ದಿನಕ್ಕೆ?" ಅಜ್ಜಿ ಕೇಳಿದಳು.

"ಪಿಯುಸಿ ಮುಗಿಯೂವರೆಗೆ."

ಶುದ್ಧ ಸುಳ್ಳು. ಆದರೆ ಹುಡುಗಿ ಕೆಟ್ಟವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಸುಳ್ಳಿಗೆ ಕಾರಣವಾದ ಇನ್ನೊಂದು ಸುಳ್ಳನ್ನು ಅವಳು ಆಗಲೇ ಕುಮಟೆಯ ಕಾಲೇಜಿನಲ್ಲಿ ಹೇಳಿ ಬಂದಿದ್ದಳು. ಅದನ್ನು ಕಾಯಲು ಇದು ಬೇಕಾಯಿತು.

ಊರಿನ ಶಾಲೆಯಲ್ಲಿ ಜೊತೆಗೆ ಓದಿದವರೆಲ್ಲ ಬೇರೆ ಕಡೆ ಸೇರಿದ್ದರು. ಕಾಲೇಜಿನಲ್ಲಿ ಅವಳಿಗೆ ಗುರುತಿನವರೆಂದು ಒಬ್ಬರೂ ಇರಲಿಲ್ಲ. ಮೊದಲ ದಿನ ಊಟದ ಹೊತ್ತಿಗೆ ಪಕ್ಕದ ಬೆಂಚಿನ ಇಬ್ಬರು ಹುಡುಗಿಯರು ತಾವಾಗಿ ಕರೆದು ಕೂರಿಸಿಕೊಂಡರು. ಒಬ್ಬಳು ದಿವ್ಯಶ್ರೀ, ಹೊನ್ನಾವರದ ಆಚೆ ಅಡಕೆ ತೋಟದವರ ಮಗಳು, ಕುಮಟೆಯಲ್ಲಿ ಅತ್ತೆಯ ಮನೆಯಲ್ಲಿದ್ದು ಓದುವವಳು. ಇನ್ನೊಬ್ಬಳು ಪ್ರಿಯಾ, ಪೇಟೆಯ ಕೊಂಕಣಿ ಮಾತಾಡುವ ಮನೆಯವಳು. ಅರ್ಚಿತಾ ಡಬ್ಬಿ ತೆಗೆದಾಗ ಅನ್ನದ ಮೇಲೆ ಹುರಿದ ಮೀನಿನ ತುಂಡಿತ್ತು. ದಿವ್ಯಶ್ರೀ ಏನೂ ಅನ್ನಲಿಲ್ಲ, ತನ್ನ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು ಅಷ್ಟೆ. ಅರ್ಚಿತಾಳಿಗೆ ಅಷ್ಟೇ ಸಾಕಾಯಿತು. ಮರುದಿನ ಯಾರೂ ಕೇಳದೆಯೇ, ನಿನ್ನೆಯದು ಅಣ್ಣನ ಡಬ್ಬಿ, ಅದಲುಬದಲಾಗಿತ್ತು, ಮನೆಯಲ್ಲಿ ಎಲ್ಲ ತಿಂದರೂ ತಾನು ಮೀನು ಮುಟ್ಟುವುದಿಲ್ಲ ಎಂದು ಹೇಳಿಕೊಂಡಳು. ಆ ದಿನದಿಂದ ದಿವ್ಯಶ್ರೀ ತನ್ನ ತೆಳ್ಳವು, ಪತ್ರೊಡೆ ಎಲ್ಲವನ್ನೂ ಇವಳ ಡಬ್ಬಿಯ ಮುಚ್ಚಳಕ್ಕೆ ಹಾಕತೊಡಗಿದಳು. ಮೂವರೂ ಒಟ್ಟಿಗೆ ಬಸ್‌ಸ್ಟ್ಯಾಂಡಿಗೆ ನಡೆಯುವುದು, ಒಬ್ಬಳ ನೋಟ್ಸು ಒಬ್ಬಳು ಬರೆದುಕೊಳ್ಳುವುದು ರೂಢಿಯಾಯಿತು. ಹೊಸ ಜಾಗದಲ್ಲಿ ಒಂಟಿಯಾಗಿ ಕೂತು ಉಣ್ಣುವ ಹೆದರಿಕೆ ಏನೆಂದು ಹದಿನಾರು ವರ್ಷದವರನ್ನೇ ಕೇಳಬೇಕು. ಆ ಹೆದರಿಕೆ ಹೋಯಿತಲ್ಲ ಎಂದು ಅವಳಿಗೆ ಖುಷಿಯಾಗಿತ್ತು. ಈಗ ಡಬ್ಬಿಗೆ ಮೀನು ಬರಬಾರದು, ಬೆಳಿಗ್ಗೆ ಕೈಗೆ ವಾಸನೆ ಅಂಟಬಾರದು. ಅದಕ್ಕೇ ಈ ಹರಕೆ.

ಇಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಮದುವೆಯಾಗದ ಮಕ್ಕಳು ಹರಕೆ ಹೊತ್ತರೆ ಮನೆಯ ಹಿರಿಯ ಹೆಂಗಸು ಅದರ ಅರ್ಧ ಹೊರಬೇಕು. ಮಕ್ಕಳಿಗೆ ಮರೆವು ಹೆಚ್ಚು, ನಾಲಿಗೆ ಚಪಲ ಹೆಚ್ಚು. ಎಲ್ಲಾದರೂ ತಪ್ಪಿದರೆ ದೇವರು ಮಗುವನ್ನು ಬಿಟ್ಟು ಹಿರಿಯಳನ್ನು ಕೇಳಲಿ ಎಂಬ ಏರ್ಪಾಡು. ಅರ್ಚಿತಾಳಿಗೆ ಇದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಗಂಗೆ ಮಿಂದು ಬಂದು, ಅರಿಶಿನ ಬಟ್ಟೆಯಲ್ಲಿ ಒಂದು ನಾಣ್ಯ ಮುಡಿಪು ಕಟ್ಟಿ ದೇವರ ಮಾಡಿನಲ್ಲಿಟ್ಟು, ಇನ್ನು ಮೊಮ್ಮಗಳ ಪಿಯುಸಿ ಮುಗಿಯುವ ತನಕ ತಾನೂ ಮೀನು ಮುಟ್ಟುವುದಿಲ್ಲ ಎಂದಳು.

ಎಪ್ಪತ್ತು ದಾಟಿದ ಗಂಗೆ ಮೀನು ಮಾರಿಯೇ ಮಕ್ಕಳನ್ನು ಬೆಳೆಸಿದವಳು, ಮೀನು ತಿಂದೇ ಬೆಳೆದವಳು. ಬಂಗಡೆಯ ತಲೆಯನ್ನು ಅವಳು ಚೀಪಿ ಮುಗಿಸಿದರೆ ತಟ್ಟೆ ಕಾಯುತ್ತ ಕೂತ ಬೆಕ್ಕಿಗೆ ಏನೂ ಉಳಿಯುತ್ತಿರಲಿಲ್ಲ. ಅರ್ಚಿತಾ ಹೌಹಾರಿ, ನೀನು ಬಿಡುವುದು ಬೇಡ ಅಜ್ಜಿ, ನಾನೊಬ್ಬಳೇ ಸಾಕು ಎಂದು ಗೋಗರೆದಳು. ಆ ಮಾತಿಗೆ ಗಂಗೆಗೆ ಮೊಮ್ಮಗಳ ಮೇಲೆ ಇನ್ನಷ್ಟು ಪ್ರೀತಿ ಬಂತು. ಬೇಲಿಯಾಚೆಯ ಗಣಪಿಗೂ, ನೀರು ತರಲು ಬಂದ ದುರ್ಗನಿಗೂ, ಅಪ್ಪನಿಗಾಗಿ ಹುಡುಗಿ ಮೀನು ಬಿಟ್ಟ ಸುದ್ದಿ ಅದೇ ದಿನ ಮುಟ್ಟಿತು.

ಕಷ್ಟ ಬಂದದ್ದು ಸುಚಿತಾಳಿಗೆ. ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸಿ ಕುಮಟೆಯ ಗೇರುಬೀಜದ ಕಾರ್ಖಾನೆಗೆ ಓಡುವವಳು ಅವಳು. ಈಗ ದಿನಾ ಎರಡು ಬಗೆಯ ಸಾರು, ಎರಡು ಚಟ್ಟಿ, ಎರಡು ಸೌಟು. ಒಂದು ದಿನ ಮೀನಿನ ಸೌಟನ್ನೇ ಬೇಳೆ ಸಾರಿಗೆ ಹಾಕಿದ್ದಕ್ಕೆ ಗಂಗೆ ಬರೀ ಗಂಜಿ, ಉಪ್ಪಿನಕಾಯಿ ಉಂಡು ಎದ್ದಳು. ಸುಚಿತಾ ಆ ಸಂಜೆ ಪಾತ್ರೆಗಳನ್ನು ದಡಬಡ ತೊಳೆಯುತ್ತ, ಹರಕೆ ಹೊರುವವರು ಇವರು, ಒಲೆ ಮುಂದೆ ಸಾಯುವವಳು ತಾನು ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು. ರಾಜೇಶ ಮಾತ್ರ ಹೆಂಡತಿಯನ್ನು ಸುಮ್ಮನಿರಿಸಿದ. ಅವನು ಹೊನ್ನಾವರ ಬಂದರಿನ ಬೋಟೊಂದರಲ್ಲಿ ಕಲಾಸಿ. ವರ್ಷವಿಡೀ ಬಲೆ ಎಳೆದು ಮನೆಗೆ ಬಂದರೆ ಮಕ್ಕಳು ಮೊಬೈಲಿನಿಂದ ತಲೆ ಎತ್ತಿ ಅಪ್ಪಾ ಬಂದ್ಯಾ ಅಂದರೆ ಹೆಚ್ಚು. ಮಗಳು ತನಗಾಗಿ ಬಾಯಿ ಕಟ್ಟಿದಳಲ್ಲ ಎಂಬುದು ಅವನಿಗೆ ಎಷ್ಟು ತಾಗಿತ್ತೆಂದರೆ, ಆ ವಿಷಯ ಬಂದಾಗಲೆಲ್ಲ ಏನೋ ನೆಪ ಮಾಡಿ ಅಂಗಳಕ್ಕೆ ಇಳಿಯುತ್ತಿದ್ದ.

ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದವು. ಕೆಲವೇ ದಿನಗಳಲ್ಲಿ ರಾಜೇಶನ ಬೋಟಿನ ಎಂಜಿನ್ ಭಟ್ಕಳದ ನೇರಕ್ಕೆ ದೂರದ ಸಮುದ್ರದಲ್ಲಿ ನಿಂತುಹೋಯಿತು. ಗಾಳಿ ಇತ್ತು, ಫೋನು ಸಿಗುತ್ತಿರಲಿಲ್ಲ. ಬೆಳಿಗ್ಗೆ ಬಂದರಿನಿಂದ ಆ ಸುದ್ದಿ ಬಂದ ಮೇಲೆ ಇಡೀ ಹಗಲು ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅರ್ಚಿತಾ ಕಾಲೇಜಿಗೆ ಹೋಗದೆ ಅಜ್ಜಿಯ ಪಕ್ಕದಲ್ಲಿ ದೇವರ ಮಾಡಿನ ಕೆಳಗೆ ಕೂತು ಖರೆಯಾಗಿಯೇ ಕೈ ಮುಗಿದಳು. ಸಂಜೆ ಭಟ್ಕಳದ ಬೋಟೊಂದು ಅವರನ್ನು ಎಳೆದು ತಂದು ದಡ ಮುಟ್ಟಿಸಿತು ಎಂದು ಫೋನು ಬಂತು. ಮರುದಿನ ಮನೆಗೆ ಬಂದ ರಾಜೇಶ ಚೀಲವನ್ನೂ ಕೆಳಗಿಡದೆ ಮಗಳ ತಲೆಯ ಮೇಲೆ ಕೈ ಇಟ್ಟ.

"ನಿನ್ನ ಹರಕೆನೇ ನಮ್ಮನ್ನ ಕಾದದ್ದು ಮಗಾ," ಅಂದ.

ಅರ್ಚಿತಾ ಅತ್ತಳು. ಅಪ್ಪ ಬಂದ ಸಂತೋಷಕ್ಕೆ ಅಂದುಕೊಂಡರು ಎಲ್ಲರೂ. ಸಂತೋಷವೂ ಇತ್ತು. ಆದರೆ ಇನ್ನು ಈ ಸುಳ್ಳನ್ನು ಬಿಚ್ಚಿ ಹೇಳುವ ದಾರಿಯೇ ಮುಚ್ಚಿತಲ್ಲ ಎಂಬುದು ಅವಳಿಗೆ ಆ ಕೈ ತಲೆಯ ಮೇಲಿದ್ದಾಗಲೇ ಹೊಳೆಯಿತು.

ಬಾಯಿ ಕಟ್ಟುವುದು ಅವಳಿಗೂ ಸುಲಭವಿರಲಿಲ್ಲ. ಸುಳ್ಳು ಹರಕೆಯಾದರೂ ಹಸಿವು ಸುಳ್ಳಲ್ಲವಲ್ಲ. ಒಂದು ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಒಣ ಶೆಟ್ಲಿ ಮೀನು ಹುರಿದು, ಕಾಯಿ, ಮೆಣಸು ಹಾಕಿ ಚಟ್ನಿ ಅರೆದು ತಣ್ಣನೆಯ ಅನ್ನಕ್ಕೆ ಕಲಸಿ ಅಡುಗೆಮನೆಯ ಮೂಲೆಯಲ್ಲಿ ನಿಂತೇ ತಿನ್ನುತ್ತಿದ್ದಳು. ವಿಶಾಲ ಹಿಂಬಾಗಿಲಿನಿಂದ ಬಂದ. ತಂಗಿಯ ತುಂಬಿದ ಬಾಯಿಯನ್ನೂ ತಟ್ಟೆಯನ್ನೂ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಬದಲಿಗೆ ತಾನೂ ಒಂದು ತಟ್ಟೆ ತಂದು ಕೂತು, ವಿಷಯವೆಲ್ಲ ಕೇಳಿಕೊಂಡ. ಅವನು ಸಿನಿಮಾಕ್ಕೆ ಹೋಗಿ ಎಕ್ಸ್ಟ್ರಾ ಕ್ಲಾಸು ಅನ್ನುವವನು, ಪೆಟ್ರೋಲಿಗೆಂದು ಇಸಕೊಂಡು ಗೋಬಿ ತಿನ್ನುವವನು. ಈ ವಿದ್ಯೆಯಲ್ಲಿ ಪಳಗಿದವನ ಗತ್ತಿನಿಂದಲೇ ಹೇಳಿದ:

"ನಾನೂ ಹೇಳ್ತೆ ಸುಳ್ಳು. ಆದ್ರೆ ನಂದು ಸಂಜೆಗೆ ಮುಗ್ದು ಹೋಗೂದು. ನೀನು ಎರಡು ವರ್ಷದ್ದು ಹೇಳಿದ್ಯಲ್ಲೆ."

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ. ಅದಕ್ಕೆ ಬದಲಾಗಿ ಅವನ ಅಂಗಿಗಳನ್ನು ಅರ್ಚಿತಾ ಇಸ್ತ್ರಿ ಮಾಡಬೇಕೆಂದು ಒಪ್ಪಂದವಾಯಿತು.

ಅಂದಿನಿಂದ ನಾಲ್ಕೈದು ದಿನ ಕಳೆದಿರಬಹುದು, ಬಟ್ಟೆ ಒಗೆಯುವ ಕಲ್ಲಿನ ಬಳಿ ಗಂಗೆ ತಲೆ ತಿರುಗಿ ಬಿದ್ದಳು. ಗಣಪಿ ನೋಡಿ ಕೂಗಿದ್ದರಿಂದ ಜನ ಸೇರಿ ಒಳಗೆ ತಂದು ಮಲಗಿಸಿದರು. ಕುಮಟೆಯ ಡಾಕ್ಟರು ಪರೀಕ್ಷೆ ಮಾಡಿ, ರೋಗವೇನೂ ಇಲ್ಲ, ಆದರೆ ಊಟ ಸಾಲುತ್ತಿಲ್ಲ, ಮೈಯಲ್ಲಿ ರಕ್ತವಿಲ್ಲ, ಅಜ್ಜಿಗೆ ಏನು ರೂಢಿಯೋ ಅದನ್ನು ಕೊಡಿ, ಮೀನು, ಮೊಟ್ಟೆ ಕೊಡಿ ಅಂದರು. ಇಷ್ಟು ದಿನ ಯಾರೂ ಸರಿಯಾಗಿ ಗಮನಿಸಿರಲಿಲ್ಲ. ತರಕಾರಿ ಸಾರು ರುಚಿಸದೆ ಗಂಗೆ ಅರ್ಧ ಅನ್ನವನ್ನು ಬೆಕ್ಕಿಗೆ ಹಾಕುತ್ತಿದ್ದಳು. ಕುಪ್ಪಸದ ತೋಳು ಸಡಿಲವಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಡಾಕ್ಟರ ಮಾತಿಗೆ ಅವಳು, ಹರಕೆ ಹೊತ್ತದ್ದು ಡಾಕ್ಟರನ್ನು ಕೇಳಿ ಅಲ್ಲ ಎಂದು ರಿಕ್ಷಾ ಹತ್ತಿದಳು.

ಅರ್ಚಿತಾಳಿಗೆ ಆ ದಿನ ಊಟ ಸೇರಲಿಲ್ಲ. ತಾನು ಚಟ್ನಿ ತಿಂದದ್ದಕ್ಕೆ ದೇವರು ಅಜ್ಜಿಯನ್ನು ಕೇಳಿದ ಎಂದೇ ಅವಳಿಗೆ ಅನ್ನಿಸಿತು. ಡಾಕ್ಟರು ಹೇಳಿದ ಕಾರಣ ಗೊತ್ತಿದ್ದರೂ ಆ ಹೆದರಿಕೆ ಹೋಗಲಿಲ್ಲ. ಸುಚಿತಾ ಮಗಳನ್ನು ಹಿತ್ತಿಲಿಗೆ ಕರೆದು, ಹರಕೆ ಹೊತ್ತವಳು ನೀನು, ನೀನೇ ಹೇಳಿದರೆ ಮಾತ್ರ ಅತ್ತೆ ಬಿಡುತ್ತಾರೆ, ಹೇಗಾದರೂ ಒಪ್ಪಿಸು ಎಂದು ಕಣ್ಣೀರು ತೆಗೆದಳು. ವಿಶಾಲನಿಗೆ ಉಪಾಯ ಹೊಳೆಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕನಸಿನಲ್ಲಿ ಗಣಪತಿ ಬಂದು ನಿನ್ನ ಹರಕೆ ಮುಟ್ಟಿತು, ಇಲ್ಲಿಗೆ ಸಾಕು ಅಂದ ಎಂದು ಹೇಳಿಬಿಡು, ಅಜ್ಜಿ ನಾಳೆಯೇ ಮೀನು ತಿನ್ನುತ್ತಾಳೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದ. ಅರ್ಚಿತಾಳಿಗೂ ಅದೇ ಸರಿ ಅನ್ನಿಸಿತು. ಇನ್ನೊಂದೇ ಒಂದು ಸುಳ್ಳು, ಅದೂ ಅಜ್ಜಿಯ ಒಳ್ಳೆಯದಕ್ಕೆ.

ಮರುದಿನ ಬೆಳಿಗ್ಗೆ ಎಲ್ಲರೂ ದೋಸೆಗೆ ಕೂತಿದ್ದಾಗ ಅವಳು ಶುರು ಮಾಡಿದಳು. ರಾತ್ರಿ ಕನಸು ಬಿತ್ತು, ಇಡಗುಂಜಿ ದೇವಸ್ಥಾನದ ಹಾಗೇ ಕಂಡಿತು ಅಂದಳು. ಅಷ್ಟು ಕೇಳಿದ್ದೇ ಗಂಗೆ ಚಾಪೆಯ ಮೇಲೆ ಎದ್ದು ಕೂತು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದಳು.

"ಹೇಳು ಮಗಾ. ಎಂತ ಅಂದ ಗಣಪತಿ?"

ಆ ಕೈಗಳ ಮೂಳೆ ಎದ್ದು ಕಾಣುತ್ತಿತ್ತು. ಮುಂದಿನ ಮಾತು ನಾಲಿಗೆಯ ತುದಿಯಲ್ಲಿದ್ದರೂ ಅರ್ಚಿತಾಳಿಂದ ಹೇಳಲಾಗಲಿಲ್ಲ.

"ಕನಸು ಬೀಳ್ಲಿಲ್ಲ ಅಜ್ಜಿ," ಅಂದಳು. "ಹರಕೆನೂ ಹೊರ್ಲಿಲ್ಲ. ಎಲ್ಲ ಸುಳ್ಳು ಹೇಳ್ದೆ. ಮೊನ್ನೆ ಶೆಟ್ಲಿ ಚಟ್ನಿನೂ ತಿಂದೆ."

ಗಂಗೆ ಕಣ್ಣು ತೆರೆದಳು, ಕೈ ಮಾತ್ರ ಮುಗಿದೇ ಇತ್ತು. ರಾಜೇಶ ಅರ್ಧ ದೋಸೆ ಬಿಟ್ಟು ಎದ್ದ. ಅವನು ಹೊಡೆಯುತ್ತಾನೆಂದು ಸುಚಿತಾ ನಡುವೆ ಬಂದಳು. ಅವನು ಹೊಡೆಯಲಿಲ್ಲ. ಬೋಟಿನಲ್ಲಿ ಎಲ್ಲರ ಹತ್ತಿರವೂ ಹೇಳಿಕೊಂಡಿದ್ದೆ ಎಂದಷ್ಟೇ ಅಂದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ. ಅದು ಹೊಡೆತಕ್ಕಿಂತ ಹೆಚ್ಚಿಗೆ ತಾಗಿತು. ತಾನು ಹೇಳಿಕೊಟ್ಟ ಕನಸಿನ ಮಾತು ಹೊರಬರಬಹುದೆಂದು ವಿಶಾಲ ತಟ್ಟೆಯ ಮೇಲೆ ಬಗ್ಗಿದ್ದವನು ತಲೆ ಎತ್ತಲಿಲ್ಲ. ಅರ್ಚಿತಾ ಅವನ ಹೆಸರು ಹೇಳಲಿಲ್ಲ.

ಸುಚಿತಾಳಿಗೆ ಸಿಟ್ಟಿನ ಜೊತೆಗೇ ಒಂದು ನೆಮ್ಮದಿಯೂ ಆಯಿತು. ಹರಕೆಯೇ ಇಲ್ಲವೆಂದ ಮೇಲೆ ತೊಂದರೆ ತೀರಿತಲ್ಲ. ಅಂದೇ ಹಸಿ ತಾರ್ಲೆ ಮೀನು ತಂದು ಸಾರು ಮಾಡಿ ಅತ್ತೆಯ ಮುಂದಿಟ್ಟಳು. ಗಂಗೆ ತಟ್ಟೆ ದೂಡಿದಳು. ಮೊಮ್ಮಗಳು ಹೊರದಿದ್ದರೇನಂತೆ, ಮುಡಿಪು ಕಟ್ಟಿ ತಾನು ಹೊತ್ತದ್ದು ಖರೆ ಅಲ್ಲವೇ ಎಂದು ಅವಳ ವಾದ. ಅರ್ಧ ಹೊತ್ತವರ ಜೊತೆಗೆ ಉಳಿದರ್ಧ ಹೊರುವವರೇ ಇಲ್ಲವಾದರೆ, ಪೂರಾ ಹರಕೆ ತನ್ನ ತಲೆಯ ಮೇಲೇ ಬಂತು ಎಂದಳು. ಯಾರು ಏನು ಹೇಳಿದರೂ ಕೇಳಲಿಲ್ಲ. ನಿಜ ಹೇಳಿದ ಮೇಲೂ ಅಜ್ಜಿ ಹಸಿದೇ ಇರುತ್ತಾಳೆಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಎರಡು ದಿನ ಗಂಗೆ ಅರ್ಚಿತಾಳನ್ನು ಮಾತಾಡಿಸಲೂ ಇಲ್ಲ.

ಮೂರನೆಯ ದಿನ ಸಂಜೆ ಅರ್ಚಿತಾ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚಲು ಕೂತಳು. ಗಂಗೆ ಕಾಲು ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ, ಮನೆಯಲ್ಲಿ ಬೈದವರು ಯಾರೂ ಕೇಳದಿದ್ದ ಒಂದು ಮಾತನ್ನು ಅವಳು ಕೇಳಿದಳು.

"ಯಾರಿಗೆ ಹೆದರಿ ಹೇಳ್ದೆ ಸುಳ್ಳು?"

"ಕಾಲೇಜಿನ ಹುಡುಗೀರಿಗೆ."

"ಅವರು ಎಂತ ಅಂದಿದ್ರು?"

ಅರ್ಚಿತಾ ಯೋಚಿಸಿ ನೋಡಿದಳು. "ಎಂತದೂ ಅನ್ಲಿಲ್ಲ."

ಗಂಗೆಗೆ ನಗು ತಡೆಯಲಾಗಲಿಲ್ಲ. ನಕ್ಕು ಕೆಮ್ಮು ಬಂತು. ತಾನು ಬುಟ್ಟಿ ಹೊತ್ತು ಊರೂರು ತಿರುಗಿದ ಕಾಲದಲ್ಲಿ ಮುಖಕ್ಕೇ ಮೂಗು ಮುಚ್ಚಿಕೊಂಡವರಿದ್ದರು, ಅವರಿಗೇ ಹೆದರಿರಲಿಲ್ಲ, ನೀನು ಏನೂ ಅನ್ನದವರಿಗೆ ಹೆದರಿದೆಯಲ್ಲೇ ಅಂದಳು. ಆಮೇಲೆ ಗಂಭೀರವಾದಳು.

"ಅಲ್ಲಿ ಹೇಳಿದ ಸುಳ್ಳು ಅಲ್ಲೇ ಬಿಚ್ಚಿ ಬಾ. ಆಮೇಲೆ ಮುಡಿಪು ನಾ ಬಿಚ್ತೆ. ಗಣಪತಿ ಕೇಳ್ರೆ ನಾ ಹೇಳ್ಕಂತೆ."

ಹೇಳುವುದು ಸುಲಭ. ಕಾಲೇಜಿನಲ್ಲಿ ಒಂದು ದಿನ ಬಾಯಿ ಬರಲಿಲ್ಲ, ಮತ್ತೊಂದು ದಿನ ದಿವ್ಯಶ್ರೀ ಬಂದಿರಲಿಲ್ಲ. ಪ್ರತಿ ಸಂಜೆ ಅಜ್ಜಿ ಬಾಗಿಲಿಗೆ ಬಂದು ಆತಾ ಎಂದು ಕೇಳುವಳು. ಇಲ್ಲ ಅಂದರೆ ಒಳಗೆ ಹೋಗಿ ಗಂಜಿ ಉಂಡು ಮಲಗುವಳು. ಆತು ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ ಎಂಬ ಆಸೆ ಅರ್ಚಿತಾಳಿಗೆ ಬಾರದೇ ಇರಲಿಲ್ಲ. ಹೇಳಲಿಲ್ಲ ಎಂಬುದು ಅವಳ ಹೆಚ್ಚುಗಾರಿಕೆ.

ಶುಕ್ರವಾರ ಊಟಕ್ಕೆ ಕೂತಾಗ ಡಬ್ಬಿ ತೆರೆಯುವ ಮೊದಲೇ ಹೇಳಿದಳು. ಅಣ್ಣನ ಡಬ್ಬಿ ಅದಲುಬದಲಾದದ್ದು ಸುಳ್ಳು, ಮೀನು ಮುಟ್ಟುವುದಿಲ್ಲ ಅಂದದ್ದು ಸುಳ್ಳು, ಇದರಿಂದ ಮನೆಯಲ್ಲಿ ಹೀಗೆಲ್ಲ ಆಯಿತು ಎಂದು ಒಂದೇ ಉಸಿರಿಗೆ ಒದರಿದಳು. ಮೊದಲು ಮಾತಾಡಿದ್ದು ಪ್ರಿಯಾ. ತಮ್ಮ ಮನೆಯಲ್ಲೂ ದಿನಾ ಮೀನು, ಅರ್ಚಿತಾ ಮುಟ್ಟುವುದಿಲ್ಲ ಅಂದಳಲ್ಲ, ಇಬ್ಬರಿಗೂ ಬೇಜಾರಾಗಬಾರದೆಂದು ತಾನೂ ತರುವುದು ಬಿಟ್ಟೆ, ಜೂನಿನಿಂದ ಒಣ ಚಪಾತಿ ತಿಂದು ನಾಲಿಗೆ ಸತ್ತುಹೋಗಿದೆ ಎಂದು ಅವಳು ಸಿಟ್ಟಾದಳು. ಸಿಟ್ಟಾಗುತ್ತಲೇ ನಗತೊಡಗಿದಳು. ದಿವ್ಯಶ್ರೀ ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

"ನಾನು ಎಂತ ಅಂದ್ಕಳ್ತೆ ಅಂತ ನೀನೇ ಹೇಳ್ಕಂಡ್ಯಲ್ಲೆ," ಅಂದಳು. "ನನ್ನ ಕೇಳಿದ್ರೆ ಹೇಳ್ತಿದ್ದೆ. ನಂಗೆ ಮೀನಿನ ವಾಸನೆ ಆಗೂದಿಲ್ಲ, ಅದು ಖರೆ. ನೀವಿಬ್ರೂ ಕಿಟಕಿ ಬದಿಗೆ ಕೂತ್ಕಂಡ್ರೆ ಆತು. ಅಷ್ಟಕ್ಕೆ ಜೊತೆ ಬಿಡ್ತಿದ್ನ ನಾನು?"

ಅಷ್ಟು ಹೇಳಿ ಆ ದಿನವೆಲ್ಲ ಅವಳು ಮುಖ ಊದಿಸಿಕೊಂಡೇ ಇದ್ದಳು, ಸಂಜೆ ಬಸ್‌ಸ್ಟ್ಯಾಂಡಿಗೂ ಜೊತೆಗೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಅವಳೇ ಬಂದು, ಅಜ್ಜಿ ಊಟ ಮಾಡಿದರಾ ಎಂದು ಕೇಳಿದಳು.

ಆತು ಎಂದು ಅರ್ಚಿತಾ ಶುಕ್ರವಾರ ಸಂಜೆಯೇ ಹೇಳಿದ್ದರೂ, ಮುಡಿಪು ಇಡಗುಂಜಿಗೆ ಮುಟ್ಟಬೇಕಾದ್ದರಿಂದ ಅಜ್ಜಿಯ ಊಟಕ್ಕೆ ಇನ್ನೂ ಸಮಯವಿತ್ತು. ಭಾನುವಾರ ಎಲ್ಲರೂ ಇಡಗುಂಜಿಗೆ ಹೋದರು. ರಾಜೇಶನೂ ಬಂದ. ಬಸ್ಸಿನಲ್ಲಿ ಮಗಳ ಪಕ್ಕ ಕೂತು, ಎಂಜಿನ್ ನಿಂತ ದಿನ ನೀನು ಕೈ ಮುಗಿದದ್ದಾದರೂ ಖರೆಯೋ ಎಂದು ಕೇಳಿದ. ಖರೆ ಅಂದಳು. ಹಾಗಾದರೆ ಅದನ್ನೇ ಬೋಟಿನಲ್ಲಿ ಹೇಳುತ್ತೇನೆ ಅಂದ. ಗಂಗೆ ಮುಡಿಪು ಒಪ್ಪಿಸಿ, ದೇವರ ಮುಂದೆ ಏನೋ ಬಹಳ ಹೊತ್ತು ಗುಣುಗುಟ್ಟಿ, ಪಂಚಖಾದ್ಯ ಕಟ್ಟಿಸಿಕೊಂಡು ಹೊರಬಂದಳು. ಗಣಪತಿಯ ಹತ್ತಿರ ಏನು ಹೇಳಿದಳೆಂದು ಯಾರಿಗೂ ಹೇಳಲಿಲ್ಲ. ಮರುದಿನ ಸೋಮವಾರ, ಮೀನಿಲ್ಲ. ಮೂರು ತಿಂಗಳು ತಡೆದವಳಿಗೆ ಒಂದು ಸೋಮವಾರ ದೊಡ್ಡದಲ್ಲವಾದರೂ ಅಂದು ಅವಳು ಸೊಸೆಯ ಮೇಲೆ ಕಾರಣವಿಲ್ಲದೆ ರೇಗಿದಳು.

ಮಂಗಳವಾರ ಅರ್ಚಿತಾ ಬೇಗ ಬಂದು, ಅಮ್ಮನನ್ನು ಒಲೆಯ ಬಳಿ ಸೇರಿಸದೆ ತಾನೇ ಬಂಗಡೆ ಸಾರು ಮಾಡಿದಳು. ಒಬ್ಬಳೇ ಮಾಡಿದ್ದು ಅದೇ ಮೊದಲು. ತಟ್ಟೆಗೆ ಬಡಿಸಿ, ಗೋಡೆಗೆ ಒರಗಿ ನಿಂತಳು. ರಾಜೇಶ ಒಂದು ತುತ್ತು ತಿಂದು ಚಲೋ ಆಗ್ಯದೆ ಅಂದ. ಸುಚಿತಾ, ತನಗಿಂತ ಚಲೋ ಮಾಡುತ್ತಾಳೆ ಅಂದಳು. ಅಂಗಿಗಳಿಗೆ ಇನ್ನು ತಾನೇ ಇಸ್ತ್ರಿ ಹಾಕಿಕೊಳ್ಳಬೇಕಾಗಿ ಬಂದಿದ್ದ ವಿಶಾಲನೂ ಸೂಪರ್ ಅಂದ. ಗಂಗೆ ಯಾರ ಕಡೆಗೂ ನೋಡದೆ ಬಂಗಡೆಯ ತಲೆಯನ್ನು ನಿಧಾನವಾಗಿ ಚೀಪಿ, ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಉಪ್ಪು ಹೆಚ್ಚು, ಹುಳಿ ಕಮ್ಮಿ," ಅಂದಳು. "ಇವರ ಮಾತು ಕೇಳ್ಬೇಡ."

ಅರ್ಚಿತಾಳ ಮುಖ ಬಾಡುವ ಮೊದಲೇ ತಟ್ಟೆಯನ್ನು ಅವಳ ಕಡೆಗೆ ದೂಡಿದಳು.

"ಇನ್ನೊಂದು ಹಾಕು."